ಗುಳಿಗೆಯೊಳಗಿನ ಗೋಧಿ

ಚಾಚಾರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಗುಳಿಗೆಯ ಸ್ಟ್ರಿಪ್ಪನ್ನು ಟ್ಯೂಬ್‌ಲೈಟಿಗೆ ಹಿಡಿದು, ಆ ಕಣ್ಣನ್ನು ಪೂರ್ತಿ ಮುಚ್ಚಿ, ಬಲಗಣ್ಣಿನಿಂದ ಸಣ್ಣ ಅಕ್ಷರ ಓದುವಾಗ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ದಾಂಡೇಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಅವರ ಔಷಧ ಅಂಗಡಿಯಲ್ಲಿ ಗಿರಾಕಿಗಳು ಎಷ್ಟೇ ಗದ್ದಲ ಮಾಡಲಿ, ಓದು ಮುಗಿಯದೆ ಗುಳಿಗೆ ಕೈಗೆ ಬರುತ್ತಿರಲಿಲ್ಲ.

ನನ್ನ ಮಗಳಿಗೆ ಐದು ವರ್ಷವಿದ್ದಾಗ ಹುಬ್ಬಳ್ಳಿಯ ಡಾಕ್ಟರು ಸೀಲಿಯಾಕ್ ಎಂದರು. ಗೋಧಿಯ ಒಂದು ಕಣ ಹೊಟ್ಟೆಗೆ ಹೋದರೂ ಕರುಳು ಕೆಡುವ ಕಾಯಿಲೆ, ಬದುಕಿರುವತನಕ ಪಥ್ಯ. ಚಪಾತಿ, ಬ್ರೆಡ್ಡು, ಶಾವಿಗೆ ಬಿಡಿಸಿದ್ದಾಯಿತು; ಅವಳಿಗೆಂದೇ ಬೇರೆ ಹಂಚು, ಬೇರೆ ತಟ್ಟೆ ತಂದದ್ದೂ ಆಯಿತು. ಆದರೆ ಅಂದು ನಾವು ಹೊರಡುವಾಗ ಡಾಕ್ಟರು ಕ್ಯಾಲ್ಸಿಯಂ ಮುಂತಾದ ಗುಳಿಗೆ ಬರೆದುಕೊಟ್ಟು ಇನ್ನೊಂದು ಮಾತೂ ಹೇಳಿದ್ದರು: "ಗುಳಿಗಿನೂ ಕೇಳೇ ಕೊಡ್ರಿ. ಗಟ್ಟಿ ಕೂಡ್ಲಿ ಅಂತ ಒಮ್ಮೊಮ್ಮೆ ಗೋಧಿ ಸ್ಟಾರ್ಚ್ ಹಾಕಿರ್ತಾರ."

ಅಯ್ಯೋ ದೇವರೇ! ಔಷಧವನ್ನೇ ನಂಬಬಾರದೆಂದರೆ ತಾಯಿಯಾದವಳು ಏನು ಮಾಡಬೇಕು? ಎರಡು ಮೂರು ಅಂಗಡಿಯಲ್ಲಿ ಕೇಳಿದೆ. "ಎಲ್ಲಾ ಒಂದ ರೀ, ಕಂಪನಿ ಅಷ್ಟ ಬ್ಯಾರೆ" ಎಂದು ನಕ್ಕರು. ನಗದೆ ಕೇಳಿಸಿಕೊಂಡವರು ಚಾಚಾ ಒಬ್ಬರೇ.

"ಹೆಸರು ಬಿಡ್ರಿ ಅಕ್ಕೋರ, ಹೊಟ್ಯಾಗ ಏನೈತಿ ಕೇಳೂಣು" ಎಂದರು. ನಾನು ಶಾಲೆಯ ಟೀಚರು, ಅದಕ್ಕೇ ಅಕ್ಕೋರು. ಸ್ಟ್ರಿಪ್ಪಿನ ಮೇಲೆ ಬರೀ 'ಸ್ಟಾರ್ಚ್' ಎಂದಿದ್ದರೆ ಕಂಪನಿಗೇ ಫೋನು ಹಚ್ಚುವರು. ಅದು ಗೋವಿನಜೋಳ ಎನ್ನುವ ಮೆಕ್ಕೆಜೋಳದ್ದೋ ಗೋಧಿಯದೋ ಎಂದು ತಮ್ಮ ಹಿಂದಿಯಲ್ಲಿ ಕೇಳಿ, ಬರೆದು ಕಳಿಸಿರೆಂದು ಗಂಟುಬೀಳುವರು. ಹುಬ್ಬಳ್ಳಿಯಿಂದ ಬರುವ ಕಂಪನಿಯ ಹುಡುಗನೊಬ್ಬ "ಹಂಗೇನೂ ಇರೂದಿಲ್ಲ ಬಿಡ್ರಿ ಚಾಚಾ" ಅಂದುಬಿಟ್ಟ. "ಇರೂದಿಲ್ಲ ಬಿಡ್ರಿ ಅನ್ನೂದು ಉತ್ತರ ಅಲ್ಲಪ್ಪಾ. ನೋಡಿ ಹೇಳು" ಎಂದು ಅವನನ್ನು ಅರ್ಧ ತಾಸು ಕೂರಿಸಿದರು. ಸ್ಟ್ರಿಪ್ಪಿನ ಬಣ್ಣ ಬದಲಾದರೂ ಸಾಕು, ಮತ್ತೆ ಮೊದಲಿನಿಂದ ವಿಚಾರಣೆ. ಉತ್ತರ ಬರುವ ತನಕ ಗುಳಿಗೆ ಕೊಡುತ್ತಿರಲಿಲ್ಲ. ನಾನು ಚಡಪಡಿಸುತ್ತ ಬರಿಗೈಯಲ್ಲಿ ಅಂಬಿಕಾನಗರದ ಬಸ್ಸು ಹತ್ತುತ್ತಿದ್ದೆ.

ಎಂಟು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಕಾಯಿಲೆಯ ಅಂಕಿ ಸ್ವಲ್ಪವೂ ಇಳಿದಿರಲಿಲ್ಲ. ಮಗಳ ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿತ್ತು. ಎಲ್ಲೋ ಗೋಧಿ ಹೋಗ್ತಾ ಐತಿ, ಹುಡುಕ್ರಿ ಎಂದರು ಡಾಕ್ಟರು. ನನ್ನ ಬಾಯಿ ಮೊದಲೇ ಹರಿತ. ಹುಬ್ಬಳ್ಳಿಯಿಂದ ಬಂದವಳೇ ಬಸ್ಸಿಳಿದು ಸೀದಾ ಅಂಗಡಿಗೆ ಹೋದೆ. ಅಷ್ಟು ಗಿರಾಕಿಗಳ ಮುಂದೆ, "ನಿಮ್ಮನ್ನ ನಂಬಿ ನನ್ನ ಮಗಳಿಗೆ ವಿಷಾ ಹಾಕಿದೆ!" ಎಂದು ಕಿರುಚಿದೆ.

ಚಾಚಾ "ಎಲ್ಲಾ ಸ್ಟ್ರಿಪ್ ತಂದು ಕೊಡ್ರಿ" ಎಂದಷ್ಟೇ ಅಂದರು. ಮೂರು ದಿನ ಕೂತು ಒಂದೊಂದೇ ಕಂಪನಿಗೆ ಮತ್ತೆ ಕೇಳಿದರು. ಎಲ್ಲವೂ ಗೋವಿನಜೋಳವೇ. ನಾಲ್ಕನೆಯ ದಿನ ಅಂಗಡಿ ಮುಚ್ಚಿ, ಬಸ್ಸು ಹಿಡಿದು, ಅಂಬಿಕಾನಗರದ ನಮ್ಮ ಕ್ವಾರ್ಟರ್ಸಿಗೇ ಬಂದರು. ನನ್ನ ಗಂಡ, ಅತ್ತೆ ಇಬ್ಬರೂ ಹೊರಗಿನ ಕೋಣೆಯಲ್ಲಿ ಮುಖ ಬಿಗಿದು ಕೂತಿದ್ದರು. ಚಾಚಾ ಚಹಾ ಕೂಡ ಮುಟ್ಟದೆ, "ಗುಳಿಗಿ ಹೆಂಗ ಕೊಡ್ತೀರಿ, ನನ್ನ ಮುಂದ ಒಮ್ಮೆ ಕೊಡ್ರಿ" ಎಂದು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

ಮಗಳಿಗೆ ಇಡೀ ಗುಳಿಗೆ ನುಂಗಲು ಬರುತ್ತಿರಲಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನು ಪುಡಿ ಮಾಡಿ ಜೇನಿನಲ್ಲಿ ಕೊಡಿ ಎಂದು ಡಾಕ್ಟರೇ ಹೇಳಿದ್ದರು. ನಾನು ಗುಳಿಗೆಯನ್ನು ಚಪಾತಿ ಮಣೆಯ ಮೇಲಿಟ್ಟು ಲಟ್ಟಣಿಗೆಯಿಂದ ಅರೆದೆ. ತವರಿನಲ್ಲಿ ಮೆಣಸು, ಸಕ್ಕರೆ, ಗುಳಿಗೆ ಏನೇ ಪುಡಿ ಮಾಡಬೇಕಿದ್ದರೂ ಅದಕ್ಕೇ ಕೈ ಹೋಗುತ್ತಿತ್ತು. ನೀರು ತಾಗಿದರೆ ಬೂಸ್ಟು ಹಿಡಿಯುತ್ತದೆಂದು ಮಣೆಯನ್ನು ತೊಳೆಯುವುದೂ ಅಪರೂಪ, ಒಣ ಬಟ್ಟೆಯಲ್ಲಿ ಒರೆಸಿಡುವುದಷ್ಟೇ. ಚಾಚಾ ಬಗ್ಗಿ, ಎಡಗಣ್ಣು ಮುಚ್ಚಿ, ಮಣೆಯ ಗೀರೊಂದರಲ್ಲಿ ಉಗುರು ಆಡಿಸಿದರು. ಉಗುರಿನ ತುದಿಗೆ ಹಿಟ್ಟು ಬಂತು, ನಾವೆಲ್ಲ ದಿನಾ ತಿನ್ನುವ ಚಪಾತಿಯ ಹಿಟ್ಟು.

ಲಟ್ಟಣಿಗೆ ಕೆಳಗಿಟ್ಟೆ. ಎಂಟು ತಿಂಗಳು, ದಿನಕ್ಕೆರಡು ಸಲ, ನಾನೇ.

"ಏನ್ ಸಿಕ್ತೇನ್ರಿ?" ಎಂದು ಹೊರಗಿನಿಂದ ಗಂಡ ಕೇಳಿದರು.

ಚಾಚಾ ನನ್ನ ಮುಖ ನೋಡಿದರು. "ಸಿಕ್ತು ರೀ. ಪುಡಿ ಹೆಂಗ ಮಾಡಬೇಕು ಅಂತ ನಾ ಮೊದಲ ಹೇಳಿ ಕೊಡಬೇಕಿತ್ತು. ನನ್ನ ಕಡೀಂದನ ತಪ್ಪಾಗೇತಿ."

ಗಂಡ ಅವರಿಗೆ ನಾಲ್ಕು ಬಿರುಸು ಮಾತಾಡಿದರು. ಅಲ್ಲೇ ನಿಂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆದರಿದ್ದೆ, ಅಷ್ಟೇ. ಮರುದಿನ ಚಾಚಾ ಒಂದು ಸಣ್ಣ ಹೊಸ ಕುಟ್ಟಾಣಿ ಕಳಿಸಿಕೊಟ್ಟರು. ಮುಂದಿನ ಪರೀಕ್ಷೆಯ ಹೊತ್ತಿಗೆ ಮಗಳ ಕೆನ್ನೆ ತುಂಬಿಕೊಂಡಿತ್ತು.

ಕಳೆದ ವರ್ಷ ಚಾಚಾ ಹಾಸಿಗೆ ಹಿಡಿದಾಗ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆ. ಆವತ್ತಿನ ಮಾತು ತೆಗೆಯಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. "ಚಾಚಾ, ಅವತ್ತು ನಾನು..." ಎನ್ನುವಷ್ಟರಲ್ಲಿ ಅವರು, "ಮಗಳಿಗೆ ಡಾಕ್ಟರ್ ಹೊಸಾ ಗುಳಿಗಿ ಬರದಾರ ಅಂದ್ರಲ್ಲ. ಕಂಪನಿಗೆ ಕೇಳಿದ್ರೇನು?" ಎಂದರು.

ಕೇಳಿರಲಿಲ್ಲ. ಅವರ ಮುಂದೆಯೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಗೋವಿನಜೋಳ ಎಂದಿತು ಆ ಕಡೆಯ ದನಿ. "ಬರದು ಕಳಸಂತ ಹೇಳ್ರಿ" ಎಂದು ಪಿಸುಗುಟ್ಟಿದರು. ನನ್ನ ಫೋನಿಗೆ ಬರಹ ಬಂದ ಮೇಲೆ, "ಹಾಂ. ಇನ್ನ ಕೊಡ್ರಿ" ಎಂದು ದಿಂಬಿಗೆ ಒರಗಿದರು. ಐದನೆಯ ದಿನ ತೀರಿಕೊಂಡರು.

ಮಣ್ಣಿಗೆ ಹೋಗಿಬಂದ ಗಂಡ ಕೈಕಾಲು ತೊಳೆಯುತ್ತ, "ಪಾಪ, ಒಳ್ಳೆ ಮನುಷ್ಯ. ಅದೊಂದು ತಪ್ಪು ಬಿಟ್ರ..." ಎಂದರು.

"ಆ ತಪ್ಪು ಅವರದಲ್ಲ, ನನ್ನದು" ಎಂದೆ, ಮೊದಲ ಸಲ. ಅತ್ತೆಯೂ ಕೇಳಿಸಿಕೊಂಡರು, ಮಗಳೂ ಕೇಳಿಸಿಕೊಂಡಳು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.