ಒಲಿವಿಯಾಳ ಸೊಪ್ಪು ತಿಂದು ಕೂಗಿದ ಮಂಗಗಳು

ನಮ್ಮ ಕಟ್ಟಡದ ಒಲಿವಿಯಾ ಕ್ರಾಸ್ತಾ ಕಾರ್ಕಳದಿಂದ ದುಬೈಗೆ ಬಂದದ್ದು ಆಸ್ಪತ್ರೆಯ ಡಯೆಟಿಷಿಯನ್ ಕೆಲಸಕ್ಕೆ. ಯಾವ ರೋಗಿಗೆ ಉಪ್ಪಿಲ್ಲದ ಗಂಜಿ, ಯಾರಿಗೆ ಎಣ್ಣೆಯಿಲ್ಲದ ಸಾರು ಎಂದು ನೋಡಿಕೊಳ್ಳುವುದು ಅವಳ ಪಾಲು. 2015ರಲ್ಲಿ ಅದನ್ನು ಬಿಟ್ಟು ಪ್ರಾಣಿಗಳ ಅಡುಗೆಮನೆ ಸೇರಿದಳು. ಗಾಜಿನ ಮಾಡಿನ ಕೆಳಗೆ ಮರ, ಬಳ್ಳಿ, ಮಂಜು ಎಲ್ಲ ತಂದು ಕಾಡು ಮಾಡಿದ್ದ ಒಂದು ಖಾಸಗಿ ಜಾಗ ಅದು. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ನಮ್ಮ ಲಿಫ್ಟಿನ ತುಂಬ ಅದೇ ಮಾತು.

"ಮಂಗನಿಗೆ ಬಾಳೆಹಣ್ಣು ಕೊಡ್ಲಿಕ್ಕೆ ಡಯೆಟಿಷಿಯನ್ ಎಂತಕ್ಕೆ?" ಎಂದು ಎದುರು ಮನೆಯ ಮೆಹರುನ್ನಿಸ ಕೇಳಿದಳು.

"ಬಾಳೆಹಣ್ಣೇ ತೊಂದರೆ ಮಾರಾಯ್ತಿ," ಎಂದಳು ಒಲಿವಿಯಾ. "ಇವು ಸೊಪ್ಪು ತಿನ್ನುವ ಮಂಗ."

ಅವು ದಕ್ಷಿಣ ಅಮೆರಿಕದ ಹೌಲರ್ ಮಂಗಗಳು. ಗಂಡು ಇದ್ದಿಲಿನಷ್ಟು ಕಪ್ಪು, ಎರಡು ಹೆಣ್ಣುಗಳದ್ದು ಒಣಹುಲ್ಲಿನ ಬಂಗಾರ ಬಣ್ಣ. ಬಾಲದ ತುದಿಯ ಒಳಭಾಗದಲ್ಲಿ ಕೂದಲಿಲ್ಲ, ಅಂಗೈಯ ಹಾಗೆ ಬರೀ ಚರ್ಮ. ಅದರಿಂದಲೇ ಕೊಂಬೆ ಹಿಡಿದು ತಲೆಕೆಳಗಾಗಿ ನೇತಾಡುತ್ತವೆ. ಆದರೆ ಬಂದಾಗಿನಿಂದ ಮೂರೂ ಮಂಕಾಗಿದ್ದವು. ಹೊಟ್ಟೆ ಉಬ್ಬಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ದೂರದೂರಕ್ಕೆ ಕೇಳುವ ಕೂಗಿಗೆ ಹೆಸರಾದ ಜಾತಿ. ಇವು ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

ಅಲ್ಲಿನ ಪಶುವೈದ್ಯ ಡಾ. ಕಾನ್ರಾಡ್ ಅವಳನ್ನು ಕೂರಿಸಿಕೊಂಡು ವಿವರಿಸಿದರು. ಇವುಗಳ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸಿ ಕರಗಿಸುತ್ತವೆ. ಸಿಹಿ ಹಣ್ಣು ಹೆಚ್ಚಾದರೆ ಆ ವ್ಯವಸ್ಥೆಯೇ ಕೆಡುತ್ತದೆ. "ಔಷಧಿ ನಾನು ಕೊಡ್ತೇನೆ. ಊಟ ನೀವು ಸರಿಮಾಡಬೇಕು," ಎಂದರು.

ಒಲಿವಿಯಾ ಮಾರುಕಟ್ಟೆಯ ಪಾಲಕ್, ಲೆಟಿಸ್ ಎಲ್ಲ ಇಟ್ಟು ನೋಡಿದಳು. ಬರೀ ನೀರು, ನಾರೇ ಇಲ್ಲ. ಬೇಕಾದದ್ದು ಮರದ ಎಲೆ. ರಸ್ತೆ ಬದಿಯ ಮರಗಳಿಗೆ ಮದ್ದು ಹೊಡೆದಿದ್ದರೆ ಎಂಬ ಹೆದರಿಕೆ. ಆಗ ಅವಳಿಗೆ ಅಬುಧಾಬಿಯ ಖಲೀಫಾ ಸಿಟಿಯ ಮಲೀಕಾ ನೆನಪಾದಳು. ಭಟ್ಕಳದವಳು. ಅವಳ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಪಥ್ಯದ ಊಟ ನೋಡಿಕೊಂಡದ್ದು ಒಲಿವಿಯಾ. ಆ ವಿಲ್ಲಾದ ಅಂಗಳದಲ್ಲಿ ಹಿಪ್ಪುನೇರಳೆ, ನುಗ್ಗೆ, ಬೇಲಿಯುದ್ದಕ್ಕೂ ದಾಸವಾಳ.

"ಮಲೀಕಾ, ನಿಮ್ಮ ದಾಸವಾಳಕ್ಕೆ ಮದ್ದು ಹೊಡೀತೀರಾ?" ಎಂದು ಫೋನಿನಲ್ಲಿ ಕೇಳಿದಳು.

"ಇಲ್ಲಕ್ಕ, ಮಕ್ಕಳು ಮುಟ್ತಾರೆ. ಯಾಕೆ, ತಲೆಗೆ ಹಚ್ಚಲಿಕ್ಕೆ ಬೇಕಾ?"

"ಮಂಗಗಳಿಗೆ ತಿನ್ನಲಿಕ್ಕೆ."

"ಎಷ್ಟು ಬೇಕು ಹೇಳಿ," ಎಂದಳು ಮಲೀಕಾ.

ಒಲಿವಿಯಾಳ ಗಂಡ ಜೆರಾಲ್ಡ್ ಅಬುಧಾಬಿಗಿಂತ ಆಚೆ, ರುವೈಸ್‌ನ ರಿಫೈನರಿಯಲ್ಲಿ ಟೆಕ್ನಿಷಿಯನ್. ಕಂಪನಿ ಮನೆಯಲ್ಲಿದ್ದು ವಾರದ ಕೊನೆಗೆ ದುಬೈಗೆ ಬರುತ್ತಿದ್ದ. ದಾರಿಯಲ್ಲೇ ಖಲೀಫಾ ಸಿಟಿ. ಹಿಂದಿನ ಸೀಟಿನಲ್ಲಿ ಒದ್ದೆ ಗೋಣಿಗಳ ನಡುವೆ ಸೊಪ್ಪು ತುಂಬಿ, ಏಸಿ ಪೂರ್ತಿ ಹಾಕಿ, ತಾನು ಜಾಕೆಟ್ ತೊಟ್ಟು ಕಾರು ಓಡಿಸಿದ. ಒಲಿವಿಯಾ ಅದನ್ನು ತಣ್ಣನೆಯ ಕೋಣೆಯಲ್ಲಿಟ್ಟು ವಾರವಿಡೀ ಬಳಸಿದಳು. ಮುಂದಿನ ವಾರಗಳಲ್ಲಿ ಮಲೀಕಾಳ ಬೀದಿಯ ಇತರ ಹೆಂಗಸರೂ ಅಂಗಳದ ಸೊಪ್ಪು ತಂದುಕೊಡತೊಡಗಿದರು.

ಮಂಗಗಳು ಮೊದಲು ಮೂಸಿ ಬಿಟ್ಟವು. ಆಮೇಲೆ ದೊಡ್ಡ ಹೆಣ್ಣು ಒಂದೊಂದೇ ಎಲೆ ಎತ್ತಿ ನೋಡಿ, ಬಲಿತದ್ದನ್ನು ಬಿಸಾಡಿ, ಚಿಗುರನ್ನು ತಿಂದಿತು. ಒಲಿವಿಯಾ ಅದನ್ನು ನೋಡಿಕೊಂಡು ಮರುದಿನದಿಂದ ಚಿಗುರನ್ನೇ ಆರಿಸಿ ಕಟ್ಟಿದಳು. ಹಣ್ಣನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿದಳು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ನೋಡಲು ಬಂದವರು ಮಂಗಕ್ಕೆ ಬಾಳೆಹಣ್ಣು ಕೊಟ್ಟು ಫೋಟೊ ತೆಗೆಸಿಕೊಳ್ಳುವ ಏರ್ಪಾಡು ಆಗಬೇಕಂತೆ.

"ಶುಗರ್ ಇದ್ದವರಿಗೆ ನಾನು ಲಾಡು ಕೊಟ್ಟವಳಲ್ಲ ಸರ್," ಎಂದಳು ಒಲಿವಿಯಾ. "ಇಲ್ಲಿಯೂ ಕೊಡುವುದಿಲ್ಲ. ಬೇಕಾದರೆ ಬೇರೆ ಜನ ನೋಡಿ." ಡಾ. ಕಾನ್ರಾಡ್ ಅವಳ ಪಕ್ಕದಲ್ಲೇ ನಿಂತಿದ್ದರು. ಆ ಮಾತು ಅಲ್ಲಿಗೇ ಖಲಾಸ್.

ಹೊಟ್ಟೆಗಳು ಇಳಿದವು. ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಗಂಡು ಮೇಲಿನ ಕೊಂಬೆ ಹತ್ತಿ, ಗಂಟಲು ಉಬ್ಬಿಸಿ, ತುಟಿ ಮುಂದೆ ಚಾಚಿ ಕೂಗಿತು. ಅದರ ಗಂಟಲಲ್ಲಿ ಬಟ್ಟಲಿನಂಥ ಟೊಳ್ಳು ಎಲುಬಿದೆ, ದನಿ ಅದರೊಳಗೆ ಮೊಳಗಿ ಬರುತ್ತದೆ. ಏಸಿ ಯಂತ್ರ ಒಡೆಯಿತೆಂದು ಸೆಕ್ಯುರಿಟಿಯವರು ಓಡಿ ಬಂದರು. ಒಲಿವಿಯಾ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಜೆರಾಲ್ಡನಿಗೆ ಫೋನ್ ಹಚ್ಚಿ ಮೇಲಕ್ಕೆ ಹಿಡಿದಳು.

"ಎಂತದು, ಜನರೇಟರಾ?"

"ನಮ್ಮ ಗಂಡು," ಎಂದಳು.

ಜೆರಾಲ್ಡ್ ಆ ಕೂಗನ್ನು ರೆಕಾರ್ಡ್ ಮಾಡಿಸಿಕೊಂಡು ರುವೈಸ್‌ನ ಕ್ಯಾಂಟೀನಿನಲ್ಲಿ ಸಿಕ್ಕಿದವರಿಗೆಲ್ಲ ಕೇಳಿಸಿದನಂತೆ.

ಮರುವರ್ಷ ಮರಿ ಹುಟ್ಟಿತು. ಗಂಡಾದರೂ ತಾಯಿಯದೇ ಬಂಗಾರ ಬಣ್ಣ. ಈ ಜಾತಿಯಲ್ಲಿ ಗಂಡು ಕಪ್ಪಾಗುವುದು ಬೆಳೆಯುತ್ತ ಹೋದಂತೆ. ಮಲೀಕಾ ಮಕ್ಕಳೊಂದಿಗೆ ಬಂದು ಗಾಜಿಗೆ ಮುಖವಿಟ್ಟು ನಿಂತಳು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ, "ಇದರ ತಾಯಿಗೆ ಬಸುರಿ ಊಟ ಹೋದದ್ದು ನಮ್ಮ ಮನೆಯಿಂದ," ಎಂದಳು ಹಿಂದಿಯಲ್ಲಿ.

ಈಗ, 2019ರಲ್ಲಿ, ಆ ಮರಿಯ ಬೆನ್ನು ಕಪ್ಪಾಗುತ್ತಿದೆ. ಆಡಳಿತದವರೇ ಸೊಪ್ಪಿನ ತೋಟ ಹಾಕಿ ಅದನ್ನು ಒಲಿವಿಯಾಳ ಕೈಗೆ ಕೊಟ್ಟಿದ್ದಾರೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಶಾಲೆಯ ಹುಡುಗಿಯೊಬ್ಬಳು, "ಆಂಟಿ, ವೈ ಆರ್ ದೇ ಸೋ ಲೇಝಿ?" ಎಂದು ಕೇಳುತ್ತಿದ್ದಳು.

"ಸೋಮಾರಿ ಅಲ್ಲ ಪುಟ್ಟಾ," ಎಂದಳು ಒಲಿವಿಯಾ. "ಸೊಪ್ಪಿನಲ್ಲಿ ಶಕ್ತಿ ಕಡಿಮೆ. ಅದಕ್ಕೆ ಮಲಗಿ ಉಳಿಸಿಕೊಳ್ತವೆ. ಜಗಳ ಆಡುವ ಬದಲು ಕೂಗ್ತವೆ. ಕೂಗು ಕೇಳಿದವರು ತಾವಾಗಿ ದೂರ ಇರ್ತಾರೆ."

ಹುಡುಗಿ ಮೇಲೆ ನೋಡಿದಳು. ಕೊಂಬೆಯ ಮೇಲೆ ಇಡೀ ಸಂಸಾರ ಬಾಲ ಸುತ್ತಿಕೊಂಡು, ಹೊಟ್ಟೆ ತುಂಬಿದ ನೆಮ್ಮದಿಯಲ್ಲಿ ಮಲಗಿತ್ತು.