ಖಾಲಿ ಇಡಬೇಕಾದ ಟಾಕಿ

ಕಾಕು ತಮ್ಮ ಕನ್ನಡಕದ ಎರಡೂ ಕಡ್ಡಿಗಳಿಗೆ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಮೊದಲಿನ ಕನ್ನಡಕ ನಮ್ಮ ಸೊಸಾಯಿಟಿಯ ಅಂಗಳದ ಕೆಳಗಿನ ನೀರಿನ ಟಾಕಿಗೆ ಆಹುತಿಯಾಗಿತ್ತು. ಪ್ರತಿವರ್ಷ ಜೂನಿನ ಮಿರಗದ ಮಳೆಗೆ ಮುಂಚೆ ಆ ಟಾಕಿಯ ಮುಚ್ಚಳ ತೆಗೆಸಿ, ಸೆರಗು ಬಿಗಿದು, ಅಂಗಳದ ಕಲ್ಲುಹಾಸಿನ ಫರಸಿಯ ಮೇಲೆ ಬೋರಲು ಮಲಗಿ, ಬ್ಯಾಟರಿ ಬೆಳಕು ಬಿಟ್ಟು ತಳ ನೋಡುವುದು ಅವರ ವ್ರತ. ಧಾರವಾಡದಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಮಗಳ ಜೊತೆ ಮರಾಠಿ ಸೀಮೆಯ ಕೋಥರೂಡಕ್ಕೆ ಬಂದವರು. ನಮ್ಮ ಮೇಲಿನ ಮನೆ; ಚಿಕ್ಕಮ್ಮನೆಂಬ ಅರ್ಥದಲ್ಲಿ ಎಲ್ಲರೂ ಕಾಕು ಎನ್ನುತ್ತಿದ್ದೆವು. ಸೊಸಾಯಿಟಿಗೆ ಸೆಕ್ರೆಟರಿ ಯಾರಾಗಬೇಕೆಂದು ಗಂಡಸರು ಚಹಾ ಕುಡಿಯುತ್ತ ಯೋಚಿಸುವಷ್ಟರಲ್ಲಿ ಇವರೇ ಆಗಿಬಿಟ್ಟಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಹಿಂದೆ ಗುಡ್ಡ, ಕೆಳಗೆ ಗೋಡೆಯಾಚೆ ನಮ್ಮ ಕಟ್ಟಡವನ್ನು ಕಟ್ಟಿದ ಗುಲಬರ್ಗಾ ಕಡೆಯವರ ತಗಡಿನ ಮನೆಗಳು. ಮೊದಲು ಗುಡ್ಡದ ನೀರನ್ನು ಮಣ್ಣು ಕುಡಿಯುತ್ತಿತ್ತು. ಅಂಗಳಕ್ಕೆಲ್ಲ ಫರಸಿ ಹಾಕಿದರೆ ಅಷ್ಟೂ ನೀರು ಅವರ ಒಲೆಗೇ ನುಗ್ಗುತ್ತದೆಂದು ಕಾಕು ಹಟ ಹಿಡಿದು ಟಾಕಿ ಕಟ್ಟಿಸಿದರು. ಜೋರು ಮಳೆಯನ್ನು ಅದು ಹಿಡಿದಿಟ್ಟು, ಸಣ್ಣ ಕೊಳವೆಯಿಂದ ನಿಧಾನವಾಗಿ ಪಕ್ಕದ ಹಳ್ಳಕ್ಕೆ, ನಾಲಾಕ್ಕೆ ಬಿಡಬೇಕು.

ಆದರೆ ನಾವು ಬರ ಕಂಡು ಬಂದ ಜನ. ತುಂಬಿದ ಕೊಡ ಕಂಡರೇ ನಮ್ಮ ಜೀವ ತಣ್ಣಗಾಗುವುದು. ಇಷ್ಟು ದೊಡ್ಡ ಟಾಕಿ ಖಾಲಿ ಬಿದ್ದಿರುವುದನ್ನು ನೋಡಿ ಎಲ್ಲರಿಗೂ ಹೊಟ್ಟೆ ಉರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಕಾಕು ಧಾರವಾಡಕ್ಕೆ ಹೋದದ್ದೇ ತಡ, ಗಂಡಸರು ಕೊಳವೆಯ ಬಾಯಿಗೆ ಗೋಣಿಚೀಲ ತುರುಕಿದರು. ಟಾಕಿ ತುಂಬಿತು. ನಾವು ಹೆಂಗಸರು ಅರಿಷಿಣ-ಕುಂಕುಮ ಏರಿಸಿ ಪೂಜೆಯನ್ನೂ ಮಾಡಿದೆವು.

ಕಾಕು ಮರಳಿದ ದಿನ ಮಧ್ಯಾಹ್ನವೇ ಮಳೆ ಹೊಡೆಯಿತು. ತುಂಬಿದ ಟಾಕಿಯಲ್ಲಿ ಜಾಗವೆಲ್ಲಿ? ನೀರು ಮುಚ್ಚಳದ ಸಂದಿಯಿಂದ ಉಕ್ಕಿ ಗೋಡೆಯಾಚೆ ಧುಮುಕಿತು. ಕೆಳಗಿನಿಂದ ಬಾಣಂತಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ಬಂದಳು. ಕಾಕು ಆ ಕೂಸನ್ನು ನನ್ನ ಕೈಗೆ ಕೊಟ್ಟು, ಕಬ್ಬಿಣದ ಕೊಕ್ಕೆ ಹಿಡಿದು ನಾಲಾಕ್ಕೆ ಇಳಿದರು. ಚೀಲ ಕಿತ್ತು ಬಂದಾಗ ನೀರಿನ ರಭಸಕ್ಕೆ ಕೆಸರಲ್ಲಿ ಕುಳಿತುಬಿಟ್ಟರು. ಎದ್ದವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತುಂಬಿಸೂದು ಯಾರಿಗೂ ಬರ್ತದ್ರಿ," ಎಂದರು. "ಖಾಲಿ ಇಡ್ಲಿಕ್ಕೆ ಧೈರ್ಯ ಬೇಕು."

ಮಳೆ ನಿಲ್ಲುವ ತನಕ ಆ ಬಾಣಂತಿ ಕಾಕುವಿನ ಮಂಚದ ಮೇಲಿದ್ದಳು. ಗೋಣಿಚೀಲದ ಗಂಡಸರೇ ಕೆಳಗಿಳಿದು ಮನೆಗಳ ಕೆಸರು ಬಳಿದು ತೆಗೆದರು.

ಎಂಬತ್ತರ ದಶಕದ ಒಂದು ಬೇಸಿಗೆ ಕಾಕು ಹಾಸಿಗೆ ಹಿಡಿದರು. ಮಾತನಾಡಿಸಲು ಹೋದರೆ ಟಾಕಿ ಖಾಲಿ ಇದೆಯೇ ಎಂದು ಕೇಳಿದರು. ಹೌದ್ರಿ ಎಂದೆ. ನೋಡದೆ ಹೇಳಿದ್ದು ಅವರಿಗೆ ಹೇಗೋ ಗೊತ್ತಾಯಿತು. ಕೊರಳಿನ ಕನ್ನಡಕ ತೆಗೆದು ನನ್ನ ಕೈಗಿಟ್ಟು, "ನೋಡಿ ಬಾ," ಎಂದರು.

ಆ ಕನ್ನಡಕ ನನ್ನ ಕಣ್ಣಿಗೆ ಹೊಂದುವಂಥದಲ್ಲ. ಆದರೂ ಕೊರಳಿಗೆ ಹಾಕಿಕೊಂಡು, ಸೆರಗು ಬಿಗಿದು ಬೋರಲು ಮಲಗಿದೆ. ತಳದ ರಾಡಿಯನ್ನೆಲ್ಲ ತೆಗೆಸಿ, ಮತ್ತೊಮ್ಮೆ ನೋಡಿ, ಮೇಲೆ ಹೋಗಿ ಹೇಳಿದೆ. ಅವರು ನಕ್ಕರು. ಕನ್ನಡಕ ಮಾತ್ರ ತಿರುಗಿ ಕೇಳಲಿಲ್ಲ.

ಮಿರಗ ಬರುವಷ್ಟರಲ್ಲಿ ಕಾಕು ಇರಲಿಲ್ಲ. ಆ ವರ್ಷ ಮಳೆ ಭಾರಿ ಹೊಡೆಯಿತು. ಗೋಡೆಯಾಚೆ ಒಂದು ಒಲೆಯೂ ಆರಲಿಲ್ಲ.