ಹೆಬ್ಬೆಟ್ಟು ಒತ್ತಿದ ಮೇಲೆ

ಗೆಳೆಯರೇ, ಗಜೇಂದ್ರಗಡದ ದರ್ಜಿ ದಾದಾಪೀರ್ ಇಂದು ಬೆಳಿಗ್ಗೆ ತಮ್ಮ ಒಂದೇ ಒಂದು ಹೊಲಿಗೆ ಯಂತ್ರ ಮಾರಿಬಿಟ್ಟರು, ಶೇರು ಕೊಳ್ಳಲು.

ನಾನು ನಡೆಸುವ ಶೇರು ಹೂಡಿಕೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಓದುತ್ತಾರೆ, ಯಾರೂ ಮಾತಾಡುವುದಿಲ್ಲ. "ಸಂಕೋಚ ಬ್ಯಾಡ, ಏನರ ಕೇಳ್ರಿ" ಎಂದು ದಿನವೂ ಬರೆಯುತ್ತಿದ್ದೆ. ಅಪರೂಪಕ್ಕೆ ಯಾರಾದರೂ ಒಂದು ಸಾಲು ಬರೆದರೆ, ಹುರುಪು ಬರಲೆಂದು ಅದರ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಮೊನ್ನೆ ದಾದಾಪೀರ್ "ಮಷಿನ್ ಮಾರಿ ಈ ಶೇರ್ ತಗೊಳ್ಳಲೇನ್ರಿ?" ಎಂದು ಬರೆದಿದ್ದರು. ಪೂರ್ತಿ ಓದದೆ ಅದಕ್ಕೂ ಒತ್ತಿದ್ದೆ.

ಸುದ್ದಿ ತಿಳಿದು ಅಂಗಡಿಗೆ ಓಡಿದೆ. ಕೊಂಡವರು ಯಂತ್ರವನ್ನು ಆಗಲೇ ನರಗುಂದದ ಬಸ್ಸಿಗೆ ಹೇರಿಕೊಂಡು ಹೋಗಿದ್ದರು. ದಾದಾಪೀರ್ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಕೂತಿದ್ದರು.

"ನಾ ಹೂಂ ಅಂದೇ ಇಲ್ಲಲ್ರಿ, ಸಾಹೇಬ್ರ," ಎಂದೆ.

"ಹೆಬ್ಬಟ್ಟ ಒತ್ತೀರಲ್ರಿ, ಸರ್ರ. ನಮ್ಮಪ್ಪ ಹೆಬ್ಬಟ್ಟ ಒತ್ತಿದ ಮ್ಯಾಲೆ ಎಂದೂ ಮಾತ ತಿರುಗಿಸಿದಾಂವ ಅಲ್ಲ."

"ನನಗೊಂದು ಫೋನ್ ಹಚ್ಚಬಾರದಿತ್ತೇನ್ರಿ?"

"ಗ್ರೂಪಿನಾಗ ಕೇಳ್ರಿ ಅಂದವ್ರು ನೀವ ಅಲ್ಲೇನ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಉಳಿದ ಸದಸ್ಯರು ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ ಎಂಬುದೊಂದೇ ಇವತ್ತಿನ ಸಮಾಧಾನ.